ಮೌನಕ್ಕೆ ಕೂಡಿಸಿದ ಸಂಗೀತ: ‘ಡ್ರಾಕುಲಾ’ ಚಿತ್ರದ ಮರುಬಿಡುಗಡೆ

ಹಳೆಯ ಭಯಾನಕ ಚಿತ್ರಗಳು ಕಿರುತೆರೆಗೂ ಅಲ್ಲಿಂದ ವಿಡಿಯೊ ಕ್ಯಾಸೆಟ್ಟು, ಡಿವಿಡಿಗಳಿಗೂ ದಾಟಿ ಬಂದಾಗ ಅವುಗಳ ಬಿಂಬವನ್ನು ಕುರಿತು ನಡೆದಷ್ಟು ಚರ್ಚೆ ಧ್ವನಿಯನ್ನು ಕುರಿತು ನಡೆದಿಲ್ಲ. ಟಾಡ್ ಬ್ರೌನಿಂಗ್ ನಿರ್ದೇಶನದ, ಬೆಲಾ ಲುಗೋಸಿ ಅಭಿನಯದ ‘ಡ್ರಾಕುಲಾ’ (1931) ಈ ದೃಷ್ಟಿಯಿಂದ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

ಮಾತಿನ ಚಿತ್ರಗಳ ಆರಂಭಕಾಲದ ಈ ಕೃತಿಯಲ್ಲಿ ಹಿನ್ನೆಲೆ ಸಂಗೀತವೇ ಇಲ್ಲವೆನ್ನಬೇಕು. ಶೀರ್ಷಿಕೆಯ ಹಿಂದೆ ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಬ್ಯಾಲೆಯ ಒಂದು ತುಣುಕು, ರಂಗಮಂದಿರದ ದೃಶ್ಯದಲ್ಲಿ ವಾಗ್ನರ್ ಮತ್ತು ಶೂಬರ್ಟರ ಕೆಲವು ಸ್ವರಗಳು. ಉಳಿದುದೆಲ್ಲ ಬಾಗಿಲಿನ ಕಿರುಗುಟ್ಟುವಿಕೆ, ತೋಳದ ಊಳು, ನಿಧಾನದ ಮಾತು. ಸಂಗೀತಕ್ಕೆ ತೆರೆಯ ಮೇಲೆ ಕಾರಣವೊಂದು ಕಾಣಬೇಕೆಂಬುದು ಅಂದಿನ ಸಾಮಾನ್ಯ ಗ್ರಹಿಕೆಯಾಗಿತ್ತು. ಆದುದರಿಂದ ಈ ಮೌನ ಉದ್ದೇಶಪೂರ್ವಕವೆಂದು ಹೇಳಲಾಗದು. ಆದರೆ 1957ರಲ್ಲಿ ಸ್ಕ್ರೀನ್ ಜೆಮ್ಸ್ ಸಂಸ್ಥೆ 52 ಹಳೆಯ ಚಿತ್ರಗಳನ್ನು ‘ಷಾಕ್’ ಎಂಬ ಹೆಸರಿನಲ್ಲಿ ಅಮೆರಿಕದ ಟೆಲಿವಿಷನ್ ಕೇಂದ್ರಗಳಿಗೆ ಒದಗಿಸಿದಾಗ, ಹೊಸ ಪೀಳಿಗೆಯೊಂದು ತಡರಾತ್ರಿ ಮನೆಯಲ್ಲಿ ಕುಳಿತು ಈ ಚಿತ್ರವನ್ನು ಅದರ ಮೌನದೊಡನೆಯೇ ಕಂಡಿತು. ತಂತ್ರದ ಮಿತಿಯಾಗಿ ಹುಟ್ಟಿದ್ದು ಹೀಗೆ ಕೃತಿಯ ಅಂಗವಾಯಿತು.

ಈ ಮೌನಕ್ಕೆ ಸಂಗೀತ ಕೂಡಿಸುವ ಕೆಲಸವನ್ನು ಯೂನಿವರ್ಸಲ್ ಸಂಸ್ಥೆ ಫಿಲಿಪ್ ಗ್ಲಾಸ್ ಅವರಿಗೆ ವಹಿಸಿತು. ಕ್ರೋನೋಸ್ ಕ್ವಾರ್ಟೆಟ್ ನುಡಿಸಿದ ಆ ರಚನೆ 1999ರಲ್ಲಿ ಹೊರಬಂದಿತು. ಕಥೆ ನಡೆಯುವುದು ಹೆಚ್ಚಾಗಿ ದಿವಾನಖಾನೆ, ಗ್ರಂಥಾಲಯ, ಉದ್ಯಾನಗಳಲ್ಲಿ. ಅದಕ್ಕೆ ಹತ್ತೊಂಬತ್ತನೆಯ ಶತಮಾನದ ನಾಲ್ಕು ತಂತಿವಾದ್ಯಗಳ ಮೇಳವೇ ತಕ್ಕದ್ದೆಂಬುದು ಗ್ಲಾಸ್ ಅವರ ನಿಲುವು. ಭಯದ ಚಿತ್ರಗಳ ಸಿದ್ಧ ಚಮತ್ಕಾರಗಳನ್ನು ಅವರು ದೂರವಿಟ್ಟರು. 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪಂಡಿತ ರವಿಶಂಕರರ ಚಿತ್ರಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸುವಾಗ ಅವರು ಕಂಡುಕೊಂಡ ಲಯಚಿಂತನೆ ಇಲ್ಲಿಯೂ ದೂರದಿಂದ ಕೇಳಿಸುತ್ತದೆ. ಸಣ್ಣ ಸ್ವರಗುಚ್ಛವೊಂದು ಆವರ್ತಗೊಳ್ಳುತ್ತ ಕೊಂಚ ಕೊಂಚವೇ ಬದಲಾಗುತ್ತದೆ. ಸಾರೋಟಿನ ಪ್ರಯಾಣಕ್ಕೆ ಇದು ಅಚ್ಚುಕಟ್ಟಾಗಿ ಒದಗುತ್ತದೆ. ಲುಗೋಸಿಯ ತಡೆತಡೆದು ಬರುವ ಮಾತಿಗೂ ವಾಚನದ ಘನತೆ ಬರುತ್ತದೆ.

ಆದರೆ ಸಂಗೀತವು ಬಹುಮಟ್ಟಿಗೆ ನಿರಂತರವಾಗಿರುವುದೇ ತೊಡಕು. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಮೂಲಚಿತ್ರದ ಸ್ಥಾಯಿ ಭಯ. ಗ್ಲಾಸ್ ಅವರ ತಂತಿಗಳು ಹೊಮ್ಮಿಸುವುದು ಶೋಕಕ್ಕೆ ಸಮೀಪವಾದ ವಿಷಾದ. ಡ್ರಾಕುಲಾ ಇಲ್ಲಿ ಹೆದರಿಸುವವನಿಗಿಂತ ಹೆಚ್ಚಾಗಿ ಸಾವು ಬಾರದೆ ದಣಿದವನಾಗುತ್ತಾನೆ. ಇದು ವ್ಯಾಖ್ಯಾನವಾಗಿ ಸೊಗಸು, ಪಕ್ಕವಾದ್ಯವಾಗಿ ಅತಿ. ಕೋಟೆಯ ಮೆಟ್ಟಿಲ ಮೇಲೆ ನಿಂತ ಕೌಂಟ್ ಹೊರಗಿನ ತೋಳಗಳ ಊಳನ್ನೇ ಸಂಗೀತವೆಂದು ಮೆಚ್ಚುವ ಪ್ರಸಂಗವನ್ನು ನೆನೆಯಬಹುದು. ಬೇರೆ ಸಂಗೀತವೇ ಇಲ್ಲದ ಲೋಕದಲ್ಲಿ ಮಾತ್ರ ಆ ಮಾತು ಮೈನಡುಗಿಸುತ್ತದೆ. ಸುತ್ತಲೂ ಪಿಟೀಲು ನುಡಿಯುತ್ತಿರುವ ಚಿತ್ರದಲ್ಲಿ ಅದು ಒಂದು ಚತುರೋಕ್ತಿಯಷ್ಟೆ. (ಪಕ್ಕವಾದ್ಯದವರು ಎಲ್ಲಿ ಕೈ ತಡೆಯಬೇಕೆಂಬುದನ್ನು ನಮ್ಮ ಕಛೇರಿಯ ರಸಿಕರಿಗೆ ವಿವರಿಸಬೇಕಾಗಿಲ್ಲ.)

ಇಷ್ಟಾದರೂ ಈ ಪ್ರಯೋಗವನ್ನು ಅಪಚಾರವೆನ್ನಲು ಸಾಧ್ಯವಿಲ್ಲ. ಡಿವಿಡಿಯಲ್ಲಿ ಮೂಲಧ್ವನಿಯೂ ಹೊಸ ಸಂಗೀತವೂ ಬೇರೆಬೇರೆಯಾಗಿಯೇ ಉಳಿದಿವೆ. ನೋಡುಗನು ಒಂದನ್ನು ಆರಿಸಿಕೊಳ್ಳಬಹುದು, ಎರಡನ್ನೂ ಹೋಲಿಸಬಹುದು. ಟೆಲಿವಿಷನ್ನಿಗೆಂದೇ ತಯಾರಾದ ಹಳೆಯ ಸರಣಿಗಳ ಮರುಬಿಡುಗಡೆಯಲ್ಲಿ ಈ ಸೌಜನ್ಯ ಎಲ್ಲೆಡೆ ಕಾಣುವುದಿಲ್ಲ. ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಬೊಂಬೆಗಳು ಜೀವ ತಳೆದು ಕೊಲ್ಲುವ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’ (1970) ಕಥೆಯಲ್ಲಿ, ಬೊಂಬೆ ಕಾರ್ಖಾನೆಯ ದೃಶ್ಯಕ್ಕೆ ಫ್ಲೀಟ್‌ವುಡ್ ಮ್ಯಾಕ್ ತಂಡದ ಗೀತಭಾಗವೊಂದನ್ನು ಬಳಸಲಾಗಿತ್ತು. 2001ರ ಡಿವಿಡಿಯಲ್ಲಿ ಅದು ಇರಲಿಲ್ಲ. 2011ರ ಆವೃತ್ತಿಯಲ್ಲಿ ಮರಳಿ ಬಂದಿತು. ಮೊದಲ ಡಿಸ್ಕಿನಿಂದಲೇ ಈ ಕಥೆಯನ್ನು ಅರಿತ ನೋಡುಗರಿಗೆ ಆ ದೃಶ್ಯದಲ್ಲಿ ಒಂದು ರಾಕ್ ಗೀತೆ ಇತ್ತೆಂಬ ಸುಳಿವನ್ನು ದೃಶ್ಯವಂತೂ ಕೊಡುತ್ತಿರಲಿಲ್ಲ.