ಹರಿಶ್ಚಂದ್ರನ ನಿಷ್ಠುರತೆ

ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ಸುಡುಗಾಡನ್ನು ಕಾಯುವ ಅರಸನು, ಮಗನ ಶವವನ್ನು ತಂದ ಸತಿ ಚಂದ್ರಮತಿಯಿಂದಲೂ ಸುಂಕವನ್ನು ಬೇಡುವನು. ಸ್ವಜನರಿಗೆ ಕರಗದ ಹೃದಯವು ಅನ್ಯರಿಗೆ ಕರಗೀತೇ ಎಂದು ಆಕ್ಷೇಪಿಸುವವರುಂಟು. ಆದರೆ ಆ ಸುಂಕವು ಒಡೆಯನಾದ ವೀರಬಾಹುವಿಗೆ ಸಲ್ಲತಕ್ಕದ್ದು. ಪರರ ಸೊತ್ತನ್ನು ಬಿಟ್ಟುಕೊಡುವುದು ಔದಾರ್ಯವೆನಿಸದು. ಕವಿಯು ಅರಸನ ಶೋಕವನ್ನು ಅಡಗಿಸಿಲ್ಲ. ಅಳುತ್ತಿರುವವನಿಂದಲೇ ಧರ್ಮವನ್ನು ನಡೆಯಿಸಿದ್ದಾನೆ.

೨೦೧೯ರಲ್ಲಿ ಘಟಪ್ರಭೆಯು ಗೋಕಾಕದೊಳಗೆ ನುಗ್ಗಿತು. ಅಂತಹ ಕಾಲದಲ್ಲಿ ಯಮಕನಮರಡಿಯಿಂದ ನೆರವಿನ ಧಾನ್ಯವನ್ನು ಹಂಚಹೋಗುವವನಿಗೂ ಇದೇ ಪರೀಕ್ಷೆ. ಸಂತ್ರಸ್ತನಾದ ಸ್ವಂತ ತಮ್ಮನಿಗೆ ತನ್ನ ಕಣಜದಿಂದ ಇಮ್ಮಡಿ ಕೊಡಲಿ, ಅದು ಪ್ರೀತಿ; ಊರವರು ಕೂಡಿಸಿದ ಚೀಲದಿಂದ ಕೊಟ್ಟರೆ ಅಪರಿಚಿತನ ಕೂಸಿನ ತುತ್ತು ಹೋಗುವುದು. ಕಾವ್ಯದಲ್ಲಿ ಶಿವನು ಪ್ರತ್ಯಕ್ಷನಾಗಿ ಮಗನನ್ನು ಬದುಕಿಸುವನು. ಇಲ್ಲಿ ಹಂಚುವವನಿಗೆ ತಮ್ಮನ ಮುನಿಸೇ ಉಳಿದೀತು. ಆದರೂ ನಡೆಯತಕ್ಕ ದಾರಿ ಅದೇ.