ಉಬ್ಬರಕ್ಕೆ ಹಲಗೆ, ಇಳಿತಕ್ಕೆ ನಡಿಗೆ

ಮಕ್ಕಳನ್ನು ಕರೆದುಕೊಂಡು ಕರಾವಳಿಯ ಹಿನ್ನೀರಿಗೆ ಬರುವವರು ಮೊದಲು ಕೇಳುವುದು, "ಎಷ್ಟು ದೂರ ಹೋಗಬಹುದು?" ಎಂದು. ಅರ್ಧ ಕಿಲೋಮೀಟರು ಎಂದರೆ ಮುಖ ಸಣ್ಣದಾಗುತ್ತದೆ. ಆದರೆ ಹಲವು ವರ್ಷ ಈ ನೀರಿನಲ್ಲಿ ಮನೆಯವರೊಂದಿಗೆ ಓಡಾಡಿದ ಮೇಲೆ ನಾನು ಧೈರ್ಯವಾಗಿ ಹೇಳಬಲ್ಲೆ: ಅರ್ಧ ಕಿಲೋಮೀಟರೇ ಸಾಕು, ಅದನ್ನು ಒಂದೇ ದಿನ ಎರಡು ಸಲ ನೋಡಬೇಕು. ನೀರು ತುಂಬಿದಾಗ ಪ್ಯಾಡಲ್‌ಬೋರ್ಡಿನ ಮೇಲೆ ನಿಂತು ಒಮ್ಮೆ, ನೀರು ಇಳಿದ ಮೇಲೆ ಅದೇ ದಡದಲ್ಲಿ ನಡೆದು ಇನ್ನೊಮ್ಮೆ. ಬೆಳಿಗ್ಗೆ ನಿಮ್ಮ ಹಲಗೆ ತೇಲಿಹೋದ ಜಾಗದಲ್ಲಿ ಮಧ್ಯಾಹ್ನದ ಹೊತ್ತಿಗೆ ಏಡಿಗಳ ಊರೇ ಎದ್ದಿರುತ್ತದೆ.

ನಾನು ಹೇಳುತ್ತಿರುವುದು ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಾರಂಪಳ್ಳಿ, ಕೋಡಿಬೆಂಗ್ರೆ ಕಡೆಯ ನೀರಿನ ಮಾತು. ಸೀತಾನದಿಯೂ ಸ್ವರ್ಣಾ ನದಿಯೂ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕೂಡಿ ಕಡಲು ಸೇರುತ್ತವೆ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು, ನಡುವೆ ತೆಂಗಿನ ತೋಟ ಹೊತ್ತ ಮರಳಿನ ಪಟ್ಟಿ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಈ ಸೀಮೆಯ ನೆಲ, ನೀರು ಹೊಸದಲ್ಲ. ಹೊಳೆಯ ನಡುವೆ ಅಲ್ಲಲ್ಲಿ ಕುದ್ರು ಎಂಬ ನಡುಗಡ್ಡೆಗಳು, ಅವುಗಳ ಅಂಚಿಗೆ ಕಾಂಡ್ಲಾ ಎಂಬ ಮ್ಯಾಂಗ್ರೋವ್ ಕಾಡು. ಅಲೆಯಿಲ್ಲ, ಸದ್ದಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಂಗಳ ಬೇಕಿಲ್ಲ.

ಹಲಗೆಯ ವಿಷಯ ಮೊದಲು ಮುಗಿಸುತ್ತೇನೆ. ಕುಟುಂಬಕ್ಕೆ ಹೊಂದುವುದು ಗಾಳಿ ತುಂಬುವ ಬಗೆಯದು: 10ರಿಂದ 11 ಅಡಿ ಉದ್ದ, 32ರಿಂದ 34 ಅಂಗುಲ ಅಗಲ, ಸುಮಾರು 6 ಅಂಗುಲ ದಪ್ಪ. ಒಳಗೆ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಾವಿರಾರು ದಾರಗಳು ಹಿಡಿದಿರುತ್ತವೆ. ಹಾಗಾಗಿ 12ರಿಂದ 15 ಪಿಎಸ್‌ಐ ಗಾಳಿ ತುಂಬಿದರೆ ಬಲೂನಿನಂತೆ ಉಬ್ಬದೆ ಮರದ ಹಲಗೆಯಂತೆ ಬಿಗಿಯಾಗುತ್ತದೆ. ನಡುವೆ ಎತ್ತಿಕೊಳ್ಳಲು ಒಂದು ಹಿಡಿ ಇದೆಯಲ್ಲ, ಅದರ ಎರಡು ಬದಿಗೆ ಒಂದೊಂದು ಪಾದ. ಮೊದಲು ಮೊಣಕಾಲೂರಿ ಹತ್ತು ನಿಮಿಷ ಹುಟ್ಟು ಹಾಕಿ, ಆಮೇಲೆ ಎದ್ದುನಿಲ್ಲಿ. ನಿಂತವರ ಕಣ್ಣು ತಮ್ಮ ಕಾಲ್ಬೆರಳಿಗೆ ಹೋಯಿತೆಂದರೆ ಬಿದ್ದರೆಂದೇ ಲೆಕ್ಕ. ದೂರದ ತೆಂಗಿನ ತಲೆ ನೋಡಿ.

ಹವಾಯಿಯ ವೈಕಿಕಿ ಕಡಲತೀರದಲ್ಲಿ ಅಲೆಯಾಟ ಕಲಿಸುತ್ತಿದ್ದವರು ಕಳೆದ ಶತಮಾನದ ನಡುಭಾಗದಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕಿದ್ದರಿಂದ ಈ ಆಟ ಬೆಳೆಯಿತು. ನಮ್ಮಲ್ಲಿ ಮೂಲ್ಕಿಯ ಶಾಂಭವಿ ಹೊಳೆ ಇದಕ್ಕೆ ತವರಿನಂತೆ. ರಾಷ್ಟ್ರೀಯ ಚಾಂಪಿಯನ್ ತನ್ವಿ ಜಗದೀಶ್ ಅಲ್ಲಿಯ ಹುಡುಗಿ. ಶಾಂಭವಿ, ನಂದಿನಿ ಎರಡೂ ಕಡಲು ಸೇರುವ ಸಸಿಹಿತ್ಲುವಿನಲ್ಲಿ 2024ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೂ ನಡೆಯಿತು. ಆದರೆ ಸ್ಪರ್ಧೆಯ ವೇಗ ಬೇರೆ, ನಾವು ಹುಡುಕುವ ರಸ ಬೇರೆ.

ಆ ರಸ ಎಲ್ಲಿದೆ? ಮೊದಲನೆಯದಾಗಿ, ಕಿವಿಯಲ್ಲಿ. ಹುಟ್ಟಿನ ಅಲಗು ಹಿಡಿಯಿಂದ ಸ್ವಲ್ಪ ಬಾಗಿರುತ್ತದೆ, ಆ ಬಾಗು ಮುಂದಕ್ಕೆ ಚಾಚಿರಬೇಕು. ಹೊಸಬರು ಸೌಟಿನಂತೆ ನೀರು ಮೊಗೆಯಬೇಕೆಂದು ತಿಳಿದು ತಿರುವುಮುರುವು ಹಿಡಿಯುತ್ತಾರೆ. ಆಗ ಪ್ರತಿ ಎಳೆತಕ್ಕೂ ನೀರು ಚಪ್ಪೆಂದು ಹಾರುತ್ತದೆ. ಬಲ್ಲವರ ಹುಟ್ಟು ಮುಂದೆ ಚಾಚಿ, ಅಲಗು ಪೂರ್ತಿ ಮುಳುಗಿದ ಮೇಲೆಯೇ ಎಳೆಯುತ್ತದೆ, ಪಾದದ ನೇರಕ್ಕೆ ಬಂದೊಡನೆ ಸದ್ದಿಲ್ಲದೆ ಮೇಲೆ ಬರುತ್ತದೆ. ಆಮೇಲೆ ಅಲಗಿನ ತುದಿಯಿಂದ ನಾಲ್ಕು ಹನಿ ತೊಟ್ಟಿಕ್ಕುವುದಷ್ಟೇ ಕೇಳಬೇಕು. ನಿಮ್ಮ ಎಳೆತದ ಸದ್ದು ನಿಮಗೇ ಕೇಳದಷ್ಟು ಹಗುರವಾದ ದಿನ ಕಾಂಡ್ಲಾ ಕೊಂಬೆಯ ಮಿಂಚುಳ್ಳಿ ಹಾರಿಹೋಗದೆ ಕೂತಿರುತ್ತದೆ. ಕಲಿತದ್ದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ಇನ್ನು ನೀರಿನ ಗಡಿಯಾರ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ದಿನದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ನಡುಹಗಲಿನ ಆಚೀಚೆ ಬೀಳುತ್ತದೆ. ಅದಕ್ಕೆ ಮೂರು ದಿನ ಮೊದಲು, ಅಂದರೆ ದ್ವಾದಶಿಯ ಹೊತ್ತಿಗೆ, ಬೆಳಿಗ್ಗೆಯೇ ನೀರು ತುಂಬುತ್ತದೆ, ಮಧ್ಯಾಹ್ನ ಕಳೆದು ಇಳಿಯುತ್ತದೆ. ಬಿಸಿಲೇರುವ ಮೊದಲು ಹಲಗೆ, ಬಿಸಿಲು ಇಳಿಯುವಾಗ ನಡಿಗೆ. ಮಕ್ಕಳಿರುವ ಮನೆಗೆ ಇದೇ ಹೇಳಿ ಮಾಡಿಸಿದ ದಿನ. ನಿಖರ ಸಮಯ ಆ ದಿನದ ಉಬ್ಬರದ ಪಟ್ಟಿಯಲ್ಲಿ ಸಿಗುತ್ತದೆ, ಇಲ್ಲವೆಂದರೆ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ.

ಪಟ್ಟಿ ನೋಡಿದರೂ ನೀರು ನೋಡದೆ ಹೊರಡಬಾರದು. ಇದನ್ನು ನಾನು ಕಲಿತದ್ದು ಮೊದಲ ವರ್ಷವೇ. ಆರು ವರ್ಷದ ಮಗಳು ಹಲಗೆಯ ಮುಂದೆ ಕೂತಿದ್ದಳು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, "ನೀರ್ ತಿರ್ಗಿತ್ ಮಾರಾಯ್ರೆ, ಇನ್ ಹೋಪುದ್ ಬ್ಯಾಡ" ಎಂದರು. ಇನ್ನೂ ಅರ್ಧ ಗಂಟೆ ಇದೆಯಲ್ಲ ಎಂದುಕೊಂಡು ನಾನು ಅಳಿವೆಯ ದಿಕ್ಕಿಗೆ ಹೊರಟೆ. ಹತ್ತು ನಿಮಿಷದಲ್ಲಿ ಹೋದ ದಾರಿ ಹಿಂದಿರುಗಲು ಒಂದು ಗಂಟೆಯಾದರೂ ಮುಗಿಯಲಿಲ್ಲ. ತೋಳು ಸೋತಿತು, ಮಗಳು ಮಾತು ನಿಲ್ಲಿಸಿದಳು. ಕೊನೆಗೆ ಒಂದು ಕಾಂಡ್ಲಾ ಬೇರು ಹಿಡಿದು ನಿಂತಿದ್ದ ನಮ್ಮನ್ನು ಅದೇ ಹಿರಿಯರು ದೋಣಿ ತಂದು ಎಳೆದುಕೊಂಡು ಹೋದರು. ಬೈಯಲಿಲ್ಲ. ಮಗಳು ಅವರನ್ನೇ ಕೇಳಿದಳು: "ಅಜ್ಜ, ನೀರು ತಿರುಗಿದ್ದು ನಿಮಗೆ ಹೇಗೆ ಗೊತ್ತಾಯ್ತು?" ಅವರು ಹೊಳೆಯಲ್ಲಿ ನೆಟ್ಟ ಬಲೆಯ ಗೂಟವೊಂದನ್ನು ತೋರಿಸಿದರು. ಗೂಟದ ಒಂದು ಬದಿಗೆ ನೀರು ತಡೆದು ಸಣ್ಣಗೆ ಏರಿತ್ತು, ಇನ್ನೊಂದು ಬದಿಗೆ ಬಾಲದಂತೆ ಸುಳಿ. ಬಾಲ ಯಾವ ಕಡೆಗೋ ನೀರು ಆ ಕಡೆಗೆ. ಅಂದಿನಿಂದ ನಮ್ಮ ಮನೆಯಲ್ಲಿ ಗೂಟ ನೋಡಿ ಹೊರಡುವ ಅಪ್ಪಣೆ ಕೊಡುವವಳು ಅವಳೇ. ಹೋಗುವಾಗ ಎದುರು ನೀರು, ಬರುವಾಗ ನೀರಿನ ಜೊತೆ. ಇಷ್ಟು ಪಾಲಿಸಿದರೆ ಸುಸ್ತಾದ ಮಕ್ಕಳನ್ನು ಹೊಳೆಯೇ ಮನೆಗೆ ತಂದುಬಿಡುತ್ತದೆ. ಗಾಳಿಗೂ ಇದೇ ಮಾತು. ಬೆಳಿಗ್ಗೆ ಮೂಡುಗಾಳಿ ಮೆಲ್ಲಗೆ ಕಡಲ ಕಡೆಗೆ ನೂಕುತ್ತದೆ, ಹನ್ನೊಂದರ ಮೇಲೆ ಪಡುಗಾಳಿ ಎದ್ದರೆ ನಿಂತವರನ್ನು ಹಾಯಿಯಂತೆ ಹಿಡಿಯುತ್ತದೆ. ಅಷ್ಟರೊಳಗೆ ದಡ ಸೇರಿ.

ಎಲ್ಲರಿಗೂ ಲೈಫ್ ಜಾಕೆಟ್, ಈಜು ಬರುವವರಿಗೂ. ಮಗುವಿನ ಜಾಕೆಟ್ಟನ್ನು ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯವರೆಗೆ ಬಂದರೆ ಅಳತೆ ದೊಡ್ಡದು, ಬದಲಾಯಿಸಿ. ಹಲಗೆಗೆ ಕಟ್ಟುವ ಹಗ್ಗವನ್ನು ಹರಿಯುವ ನೀರಿನಲ್ಲಿ ಕಾಲಿಗೆ ಕಟ್ಟಬೇಡಿ, ಗೂಟಕ್ಕೋ ಬಲೆಗೋ ಸಿಕ್ಕಿಕೊಂಡರೆ ಬಗ್ಗಿ ಬಿಡಿಸಲಾಗುವುದಿಲ್ಲ. ಎಳೆದೊಡನೆ ಬಿಚ್ಚುವ ಸೊಂಟದ ಪಟ್ಟಿ ಸಿಗುತ್ತದೆ, ಅದನ್ನೇ ಕೇಳಿ ಪಡೆಯಿರಿ.

ಈಗ ಕಾಂಡ್ಲಾದ ಒಳಗೆ. ಉಬ್ಬರದಲ್ಲಿ ಬೇರುಗಳೆಲ್ಲ ಮುಳುಗಿ ಮರಗಳು ನೀರಿನಿಂದಲೇ ಎದ್ದಂತೆ ಕಾಣುತ್ತವೆ. ಎರಡು ಕೊಂಬೆಗಳ ನಡುವೆ ಹಲಗೆ ನುಸುಳುವಷ್ಟೇ ದಾರಿ. ಇಲ್ಲಿ ಹುಟ್ಟು ಹಾಕುವುದು ನಿಲ್ಲಿಸಿ, ಕೂತುಬಿಡಿ. ಕೊಂಬೆಯಿಂದ ನುಗ್ಗೆಕಾಯಿಯಂತೆ ಹಸಿರು ಕೋಲುಗಳು ತೂಗುತ್ತಿರುತ್ತವೆ, ಕೆಲವು ಒಂದು ಮೊಳ ಉದ್ದ. ಅವು ಬರೀ ಕಾಯಿಗಳಲ್ಲ. ತಾಯಿಮರದಲ್ಲಿ ಇರುವಾಗಲೇ ಬೀಜ ಮೊಳೆತು ಬೆಳೆದ ಸಸಿಗಳು. ಬಿದ್ದರೆ ಕೆಸರಿಗೆ ನಾಟಿಕೊಳ್ಳುತ್ತವೆ, ಇಲ್ಲವೆಂದರೆ ತೇಲಿ ಬೇರೆ ಕುದ್ರು ಸೇರುತ್ತವೆ. ಉಪ್ಪಟಿ ಮರ ಸಿಕ್ಕರೆ ಅದರ ಎಲೆಗೆ ನಾಲಗೆಯ ತುದಿ ತಾಗಿಸಲು ಮಕ್ಕಳಿಗೆ ಹೇಳಿ. ಉಪ್ಪು! ಬೇರು ಹೀರಿದ ಉಪ್ಪನ್ನು ಆ ಮರ ಎಲೆಯಿಂದ ಹೊರಹಾಕುತ್ತದೆ. ಪಾಠಪುಸ್ತಕದಲ್ಲಿ ಇದನ್ನು ಓದಿ ಮರೆತ ಮಕ್ಕಳು ನಾಲಗೆಯಿಂದ ಕಲಿತದ್ದನ್ನು ಮರೆಯುವುದಿಲ್ಲ.

ಊಟ, ನಿದ್ದೆ ಮುಗಿಸಿ ಇಳಿತದ ಹೊತ್ತಿಗೆ ಮತ್ತೆ ಅಲ್ಲಿಗೇ ಬನ್ನಿ, ಈ ಸಲ ಕಾಲ್ನಡಿಗೆಯಲ್ಲಿ. ಹಿಂಬದಿಗೆ ಪಟ್ಟಿಯಿರುವ ಹಳೆಯ ಚಪ್ಪಲಿ ಹಾಕಿಕೊಳ್ಳಿ, ಚಿಪ್ಪಿನ ಅಂಚು ಬ್ಲೇಡಿನಷ್ಟು ಹರಿತ. ಗಟ್ಟಿ ಮರಳಿನ ಅಂಚಿನಲ್ಲೇ ನಡೆಯಿರಿ, ಮೊಣಕಾಲು ಹೂಳುವ ಕೆಸರಿಗೆ ಇಳಿಯಬೇಡಿ. ಬೆಳಿಗ್ಗೆ ಕಾಣದ ಬೇರುಗಳು ಈಗ ಕಮಾನುಗಳಂತೆ ನಿಂತಿರುತ್ತವೆ. ಉಪ್ಪಟಿಯ ಸುತ್ತ ಕೆಸರಿನಿಂದ ಪೆನ್ಸಿಲ್‌ಗಳಂತೆ ನೂರಾರು ಉಸಿರುಬೇರುಗಳು ಮೇಲೆದ್ದಿರುತ್ತವೆ. ನಡೆಯುವವರು ಬಂದೊಡನೆ ಎಲ್ಲವೂ ಖಾಲಿ ಕಾಣುತ್ತದೆ. ಕುಕ್ಕರಗಾಲಲ್ಲಿ ಕೂತು ಐದು ನಿಮಿಷ ಅಲುಗಾಡದೆ ಇರಿ.

ಒಂದು ತೂತಿನಿಂದ ಕಡ್ಡಿಯಂಥ ಎರಡು ಕಣ್ಣು ಮೇಲೆ ಬರುತ್ತವೆ. ಆಮೇಲೆ ಏಡಿ. ಗಂಡಿಗೆ ಒಂದು ಕೊಂಬು ಮೈಯಷ್ಟೇ ದೊಡ್ಡದು, ಇನ್ನೊಂದು ಪುಟ್ಟದು. ಪುಟ್ಟ ಕೊಂಬಿನಿಂದ ಕೆಸರು ಬಾಯಿಗೆ ಹಾಕಿ ತಿನ್ನುವುದನ್ನೆಲ್ಲ ಹೀರಿ, ಉಳಿದದ್ದನ್ನು ಸಾಸಿವೆಯಷ್ಟು ಉಂಡೆ ಮಾಡಿ ಪಕ್ಕಕ್ಕಿಡುತ್ತದೆ. ದೊಡ್ಡದನ್ನು ಮೇಲೆತ್ತಿ ಬೀಸುವುದು ಹೆಣ್ಣನ್ನು ಕರೆಯಲು, ಪಕ್ಕದ ಗಂಡನ್ನು ಬೆದರಿಸಲು. ನೀರಿನ ಅಂಚಿನಲ್ಲಿ ಬೆರಳುದ್ದದ ಮೀನೊಂದು ರೆಕ್ಕೆಯೂರಿ ಕೆಸರಿನ ಮೇಲೆ ಕುಪ್ಪಳಿಸುತ್ತದೆ. ಚರ್ಮ ಒದ್ದೆಯಿರುವಷ್ಟು ಹೊತ್ತು ಅದು ನೆಲದ ಮೇಲೂ ಉಸಿರಾಡಬಲ್ಲದು. ಬೇರುಗಳ ನಡುವಿನಿಂದ ಒಣ ಕಡ್ಡಿ ಮುರಿದಂತೆ ಟಕ್ ಟಕ್ ಸದ್ದು ಕೇಳಿದರೆ, ಅದು ಕೊಂಬು ಚಿಟಿಕೆ ಹೊಡೆಯುವ ಸಿಗಡಿಯದು. ಬೆಳಿಗ್ಗೆ ಈ ಲೋಕದ ಮೇಲೆಯೇ ತೇಲಿದ್ದೆವು ಎಂಬುದು ಮಕ್ಕಳಿಗೆ ಹೊಳೆಯುವ ಗಳಿಗೆಯೊಂದಿದೆ. ಅದಕ್ಕಾಗಿಯೇ ನಾನು ಎರಡು ಸಲ ಬನ್ನಿ ಎನ್ನುವುದು.

ಇಳಿತ ನಮಗೆ ನೋಟ, ಇಲ್ಲಿಯವರಿಗೆ ದುಡಿಮೆ. ಸೊಂಟದವರೆಗೆ ನೀರಿನಲ್ಲಿ ನಿಂತು ಮಳಿ ಎಂಬ ಚಿಪ್ಪು ಹೆಕ್ಕುವ ಹೆಂಗಸರ ಬಳಿ ಕ್ಯಾಮೆರಾ ಹಿಡಿದು ಹೋಗಬೇಡಿ. ಮಾತಾಡಿಸಿ, ಅವರಾಗಿ ತೋರಿಸಿದರೆ ನೋಡಿ. ಬಲೆಯ ಗೂಟಗಳ ನಡುವೆ ಹಲಗೆ ನುಗ್ಗಿಸಬಾರದು. ಏಡಿಯನ್ನಾಗಲಿ ಕಾಂಡ್ಲಾ ಸಸಿಯನ್ನಾಗಲಿ ಮನೆಗೆ ಒಯ್ಯಬಾರದು.

ಮನೆಯ ಅಜ್ಜ ಅಜ್ಜಿಗೆ ಕೆಸರು ಆಗದೆಂದರೆ ಹೊನ್ನಾವರದ ಕಾಸರಕೋಡಿನ ಬಳಿ ಶರಾವತಿ ಹಿನ್ನೀರಿನ ಕಾಂಡ್ಲಾದೊಳಗೆ ಮರದ ಕಾಲುದಾರಿ ಇದೆ. ಕಾಲು ಒದ್ದೆಯಾಗದೆ ಬೇರುಗಳ ನಡುವೆ ನಡೆಯಬಹುದು. ದೊಡ್ಡ ಮಕ್ಕಳಿಗೆ ಗೋಕರ್ಣದ ಕುಡ್ಲೆಯಿಂದ ಓಂ ಬೀಚಿನವರೆಗಿನ ಗುಡ್ಡದ ದಾರಿ ಚೆನ್ನ. ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುವ ಅಲ್ಲಿನ ಗಜನಿ ಗದ್ದೆಗಳ ಬದುವಿನ ಮೇಲೆ ನಡೆದವರು ಆ ಊರನ್ನು ಬೇಗ ಬಿಟ್ಟು ಹೊರಡಲಾರರು.

ಬರುವುದಾದರೆ ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಬನ್ನಿ. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳಿಗೇ ಕಡಲಿಗಿಳಿಯಲು ನಿಷೇಧವಿರುತ್ತದೆ. ಆಗ ಹೊಳೆ ಕೆಂಪಾಗಿ, ತುಂಬಿ ಹರಿಯುತ್ತದೆ, ಹಲಗೆಗೆ ಅಲ್ಲಿ ಜಾಗವಿಲ್ಲ. ಹೊರಡುವ ಹಿಂದಿನ ರಾತ್ರಿ ಉಬ್ಬರ, ಇಳಿತದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಅತಿ ಚಿಕ್ಕವರ ಕೈಗೆ ಕೊಡಿ.