ಮೇದೋಜ್ಜೀರಕದ ಅಳತೆ

ಅಂಗ ಎಷ್ಟು ಬೆಳೆದು ನಿಲ್ಲಬೇಕೆಂಬುದು ಭ್ರೂಣಕ್ಕೆ ಹೇಗೆ ಗೊತ್ತಾಗುತ್ತದೆ? ಎಲ್ಲವೂ ಜೀನ್‌ಗಳಲ್ಲಿದೆ ಎಂದುಬಿಟ್ಟರೆ ಏನೂ ಹೇಳಿದಂತಾಗಲಿಲ್ಲ. ಹಾರ್ವರ್ಡ್‌ನ ಬೆನ್ ಸ್ಟ್ಯಾಂಗರ್, ಅಕೆಮಿ ತನಾಕಾ ಮತ್ತು ಡಗ್ಲಸ್ ಮೆಲ್ಟನ್ 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ನಾನು ಮೆಚ್ಚುವುದು, ಈ ದೊಡ್ಡ ಪ್ರಶ್ನೆಯನ್ನು ಅವರು ಪ್ರಯೋಗಕ್ಕೆ ಒಗ್ಗಿಸಿದ ರೀತಿಗಾಗಿ.

ಇಲಿಯ ಭ್ರೂಣದಲ್ಲಿ ಮೇದೋಜ್ಜೀರಕ ಗ್ರಂಥಿಯಾಗಲಿರುವ ಕೋಶಗಳಲ್ಲಿ ಪಿಡಿಎಕ್ಸ್1 ಜೀನ್ ಚುರುಕಾಗುತ್ತದೆ. ಆ ಜೀನ್ ಕೆಟ್ಟರೆ ಗ್ರಂಥಿಯೇ ಬೆಳೆಯುವುದಿಲ್ಲ. ಗಂಟಲಮಾರಿ ಬ್ಯಾಕ್ಟೀರಿಯಾದ ವಿಷ ತಯಾರಿಸುವ ಜೀನನ್ನು ಇವರು ಇದೇ ಪಿಡಿಎಕ್ಸ್1ರ ಹತೋಟಿಗೆ ಒಳಪಡಿಸಿದರು. ಹಾಗಾಗಿ ಸಾಯುವುದು ಮುಖ್ಯವಾಗಿ ಗ್ರಂಥಿಯ ಮೂಲಕೋಶಗಳು. ಡಾಕ್ಸಿಸೈಕ್ಲಿನ್ ಎಂಬ ಔಷಧ ಕೊಟ್ಟರೆ ವಿಷದ ತಯಾರಿ ನಿಲ್ಲುತ್ತದೆ. ಹಾಗೆ ನಿಲ್ಲಿಸಿದ ಮೇಲೆ ಉಳಿದ ಕೋಶಗಳು ವಿಭಜನೆಯಾದವು, ಆದರೆ ಕಳೆದುಹೋದದ್ದನ್ನು ತುಂಬಿಕೊಳ್ಳಲಿಲ್ಲ. ಗ್ರಂಥಿ ಚಿಕ್ಕದಾಗಿಯೇ ಉಳಿಯಿತು. ಯಕೃತ್ತಿನಲ್ಲಿ ಹಾಗೆಯೇ ಕೋಶಗಳನ್ನು ಕೊಂದಾಗ ಅದು ಚೇತರಿಸಿಕೊಂಡು ತನ್ನ ಗಾತ್ರಕ್ಕೆ ಮರಳಿತು.

ಇಷ್ಟಕ್ಕೇ ನಿಂತಿದ್ದರೆ, ವಿಷವೇ ಉಳಿದ ಕೋಶಗಳನ್ನೂ ಕುಗ್ಗಿಸಿರಬಹುದೆಂಬ ಅನುಮಾನ ಉಳಿಯುತ್ತಿತ್ತು. ಅವರು ಎದುರು ದಿಕ್ಕಿನಿಂದಲೂ ಪರೀಕ್ಷಿಸಿದರು. ಪಿಡಿಎಕ್ಸ್1 ಇಲ್ಲದ ಎಳೆ ಭ್ರೂಣಗಳಿಗೆ ಆರೋಗ್ಯವಂತ ಕಾಂಡಕೋಶಗಳನ್ನು ಸೇರಿಸಿದಾಗಲೂ ಗ್ರಂಥಿಯ ಗಾತ್ರ ಆರಂಭದ ಕೋಶಗಳ ಸಂಖ್ಯೆಯನ್ನೇ ಅನುಸರಿಸಿತು. ಪ್ರಬಂಧದ ನಿಜವಾದ ಬಲ ಇಲ್ಲಿದೆ.

ಆದರೂ ಮೂಲಕೋಶಗಳು ಇಷ್ಟೇ ಇರಬೇಕೆಂದು ಗೊತ್ತುಮಾಡುವವರು ಯಾರು? ಈ ಪ್ರಯೋಗ ಅದಕ್ಕೆ ಉತ್ತರಿಸುವುದಿಲ್ಲ. ಪಕ್ಕದ ಅಂಗಾಂಶ ಸ್ರವಿಸುವ ಎಫ್‌ಜಿಎಫ್10 ಪ್ರೋಟೀನ್ ಇಲ್ಲದಿದ್ದರೆ ಆ ಕೋಶಗಳು ಸರಿಯಾಗಿ ಹೆಚ್ಚುವುದಿಲ್ಲವೆಂದು 2001ರಲ್ಲೇ ತಿಳಿದಿತ್ತು. ಅಂದರೆ ಸಂಖ್ಯೆಯೂ ನೆರೆಹೊರೆಯ ಜೀನ್‌ಗಳ ಹಂಗಿನಲ್ಲಿದೆ. ಸಂಖ್ಯೆಯನ್ನೇ ಮೂಲ ಕಾರಣವೆಂದು ಓದಿಕೊಳ್ಳುವುದು ದುಡುಕು.

ಯಕೃತ್ತಿನ ಭಾಗವನ್ನು ಇನ್ನೂ ಎಚ್ಚರದಿಂದ ಓದಬೇಕು. ಅದು ಕಳೆದುಕೊಂಡದ್ದನ್ನು ತುಂಬಿಕೊಳ್ಳುತ್ತದೆಂದ ಮಾತ್ರಕ್ಕೆ ಅದಕ್ಕೆ ಮಿತಿಯಿಲ್ಲವೆಂದಲ್ಲ. ತನ್ನ ಗಾತ್ರಕ್ಕೆ ಬಂದೊಡನೆ ನಿಲ್ಲುತ್ತದಲ್ಲ! ಅದೇ ವರ್ಷ ಡುವೋಜಿಯಾ ಪ್ಯಾನ್ ತಂಡ ಇಲಿಯ ಯಕೃತ್ತಿನಲ್ಲಿ ಯಾಪ್ ಎಂಬ ಪ್ರೋಟೀನನ್ನು ಹೆಚ್ಚಿಸಿದಾಗ, ದೇಹತೂಕದ ಸುಮಾರು 5% ಇದ್ದ ಅಂಗ 25% ತನಕ ಊದಿಕೊಂಡಿತು. ಯಾಪ್ ಇಳಿಸಿದಾಗ ಹಿಂದಿನ ಗಾತ್ರಕ್ಕೆ ಕುಗ್ಗಿತು. ಯಾಪ್ ಕೋಶಕೇಂದ್ರ ಹೊಕ್ಕು ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತದೆ, ಹಿಪ್ಪೋ ಎಂಬ ಪ್ರೋಟೀನ್ ಸರಪಳಿ ಅದನ್ನು ಹೊರಗೇ ತಡೆಯುತ್ತದೆ. ಮಿತಿ ಯಕೃತ್ತಿಗೂ ಇದೆ, ಅದನ್ನು ಕಾಯುವ ಬಗೆ ಬೇರೆ. ಸ್ಟ್ಯಾಂಗರ್ ಪ್ರಬಂಧವನ್ನು ಪಾಠ ಮಾಡುವವರು ಪ್ಯಾನ್ ಪ್ರಬಂಧವನ್ನೂ ಜೊತೆಗಿಟ್ಟು ಓದಿಸಬೇಕು.